ಚಪ್ಪಟೆ ಯಾಕೆ, ಅಕ್ಕೋರೇ?

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕ ಊರು ಶಿರಸಿ ತಾಲೂಕಿನ ಹೆಗಡೆಕಟ್ಟಾ. ಮಳೆಗಾಲ. ಒಂಬತ್ತನೆಯ ತರಗತಿಗೆ ಚಪ್ಪಟೆ ಹುಳುಗಳ ವಂಶವನ್ನು ಕಲಿಸಬೇಕಿತ್ತು. ಈ ವಂಶಕ್ಕೆ ಎಲ್ಲರೂ ಕೊಡುವ ಉದಾಹರಣೆ ಲಾಡಿಹುಳು, ಯಕೃತ್ತಿನ ಹುಳು, ಪ್ಲನೇರಿಯಾ. ಮೊದಲೆರಡಕ್ಕೆ ಮಕ್ಕಳು ಮುಖ ಕಿವುಚುತ್ತಾರೆ, ಮೂರನೆಯದನ್ನು ಕಂಡವರಿಲ್ಲ. ಕೊನೆಗೆ ಇಡೀ ವಂಶವೇ ರೋಗದ ಪಟ್ಟಿಯಾಗಿ ನೆನಪಿನಲ್ಲಿ ಉಳಿಯುತ್ತದೆ.

ಹಾಗಾಗಿ ಕಡಲಿನ ಚಪ್ಪಟೆ ಹುಳುವಿನ ಚಿತ್ರದಿಂದ ಪೀಠಿಕೆ ಹಾಕುವುದೆಂದುಕೊಂಡೆ. ಹೆಸರು ಸ್ಯೂಡೋಸೆರೋಸ್ ಡಿಮಿಡಿಯೇಟಸ್. ಕಪ್ಪು ಮೈ, ಹಳದಿ ಪಟ್ಟೆ, ಕಿತ್ತಳೆ ಅಂಚು. ಪಾಠ ಯೋಜನೆ ನೋಡಿದ ಮಾರ್ಗದರ್ಶಿ ಶಿಕ್ಷಕರು, "ಹವಳದ ದಿಬ್ಬದ ಪ್ರಾಣಿ ಘಟ್ಟದ ಮೇಲಿನ ಮಕ್ಕಳಿಗೆ ದೂರವಾಗಲಿಲ್ಲವೇ?" ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಹವಳ ನಮ್ಮ ಜಿಲ್ಲೆಯಲ್ಲೂ ಇದೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ. (ಚಿತ್ರ ಆರಿಸುವಾಗ ಎಚ್ಚರ ಬೇಕು. ಬಣ್ಣದ ಕಡಲಗೊಂಡೆಹುಳುಗಳ ಚಿತ್ರಗಳೂ ಇದರೊಡನೆ ಬೆರೆತಿರುತ್ತವೆ. ಅವು ಮೃದ್ವಂಗಿಗಳು, ಮೈ ದಪ್ಪ. ಹಲವಕ್ಕೆ ಬೆನ್ನ ಮೇಲೆ ಕಿವಿರಿನ ಕುಚ್ಚು ಇರುತ್ತದೆ.)

ಚಿತ್ರ ಕಂಡ ಹುಡುಗಿಯೊಬ್ಬಳು "ಸೀರೆ ಸೆರಗಿನ ಹಾಂಗದೆ" ಎಂದಳು. ಈಜುವಾಗ ಅಂಚು ಅಲೆಯಾಡುವುದೂ ಸೆರಗಿನಂತೆಯೇ. ಇಷ್ಟು ಬಣ್ಣವಿದ್ದರೆ ಮೀನು ತಿನ್ನುವುದಿಲ್ಲವೇ ಎಂದು ಹಿಂದಿನ ಬೆಂಚಿನವನು ಕೇಳಿದ. ನನ್ನನ್ನು ತಿಂದರೆ ಕಷ್ಟ ಎಂದು ಸಾರುವ ಬಣ್ಣವದು ಎಂದೆ. ಬಣ್ಣದ ಆಕರ್ಷಣೆ ಎರಡು ನಿಮಿಷದ್ದು. ಪಾಠ ಶುರುವಾದದ್ದು "ಚಪ್ಪಟೆ ಯಾಕೆ, ಅಕ್ಕೋರೇ?" ಎಂಬ ಪ್ರಶ್ನೆಯಿಂದ.

ಉತ್ತರ ಹೇಳುವ ಬದಲು ಮೇಜಿನ ಮೇಲಿನ ಆಲೂಗಡ್ಡೆ ತೋರಿಸಿದೆ. ಹಿಂದಿನ ಸಂಜೆಯೇ ಒಂದು ದಪ್ಪ ತುಂಡು, ಒಂದು ತೆಳು ಬಿಲ್ಲೆಯನ್ನು ಕೆಂಪು ಶಾಯಿಯಲ್ಲಿ ಹಾಕಿಟ್ಟಿದ್ದೆ. ಮಕ್ಕಳೇ ಕೊಯ್ದರು. ಬಿಲ್ಲೆ ಪೂರ್ತಿ ಕೆಂಪು. ದಪ್ಪ ತುಂಡಿನ ನಡುವೆ ಬಿಳಿ. ಈ ಹುಳುವಿಗೆ ಶ್ವಾಸಕೋಶವಿಲ್ಲ, ಕಿವಿರಿಲ್ಲ, ರಕ್ತವೂ ಇಲ್ಲ ಎಂದು ಆಗ ಹೇಳಿದೆ. ಆಮ್ಲಜನಕ ಚರ್ಮದಿಂದಲೇ ಒಳಗಿನ ಪ್ರತಿ ಜೀವಕೋಶಕ್ಕೂ ಇಳಿಯಬೇಕು. "ಹಾಂಗಾರೆ ಅದು ದಪ್ಪ ಆದ್ರೆ ಸಾಯ್ತದೆ" ಎಂದು ತೀರ್ಮಾನಿಸಿದವರು ಮಕ್ಕಳೇ. ಆಹಾರ ಹಂಚಲೂ ರಕ್ತವಿಲ್ಲವಲ್ಲ, ಅದಕ್ಕೇ ಕರುಳು ಮೈತುಂಬ ಕವಲೊಡೆದಿದೆ. ಗುದದ್ವಾರವಿಲ್ಲ, ತಿಂದ ಬಾಯಿಂದಲೇ ಕಸವೂ ಹೊರಕ್ಕೆ ಎಂದಾಗ ಆದ ಗಲಾಟೆಯನ್ನು ಅವಲೋಕನ ಪುಸ್ತಕದಲ್ಲಿ ತರಗತಿ ನಿರ್ವಹಣೆಯ ಕೊರತೆ ಎಂದು ಬರೆದರೂ ನನಗೆ ಬೇಸರವಾಗುತ್ತಿರಲಿಲ್ಲ.

ಮರುದಿನ ಇಬ್ಬರು ತೆಂಗಿನ ಗರಟೆಯಲ್ಲಿ ಒಂದು ಹುಳು ತಂದರು. ಉದ್ದ, ಕಂದು, ಅರ್ಧಚಂದ್ರದಂಥ ತಲೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಅಡಿಯಲ್ಲಿತ್ತಂತೆ. ಬೈಪಾಲಿಯಂ, ಎರೆಹುಳು ತಿನ್ನುವ ನೆಲದ ಚಪ್ಪಟೆ ಹುಳು. ಕೆಲವು ಜಾತಿಗಳಲ್ಲಿ ವಿಷವಿರುವುದರಿಂದ ಕಡ್ಡಿಯಿಂದಷ್ಟೇ ಸರಿಸಿ ನೋಡಿದೆವು. ಬೇಸಿಗೆಯಲ್ಲಿ ಇದು ಯಾಕೆ ಕಾಣುವುದಿಲ್ಲ ಎಂದು ಕೇಳಿದೆ.

"ಚರ್ಮ ಒಣಗಿದ್ರೆ ಉಸಿರಾಡೂಲೆ ಆಗ್ತಿಲ್ಲೆ" ಎಂದ ಹಿಂದಿನ ಬೆಂಚಿನವನು, ಮನೆಮಾತಿನಲ್ಲೇ. ಗರಟೆಗೆ ನಾಲ್ಕು ಹನಿ ನೀರು ಚಿಮುಕಿಸಿ, ಬಿಡುವಿನಲ್ಲಿ ಅದನ್ನು ಹಾಳೆಯಡಿಗೇ ಬಿಟ್ಟುಬಂದರು.