ಪಕ್ಕದ ಮನೆಯ ಧೈರ್ಯ

ಊರಿಗೆ ಹೊರಟರೆ ನಮ್ಮ ಕಡೆ ಹೆಂಗಸರು ಕೀಲಿಕೈಯನ್ನು ಪಕ್ಕದ ಮನೆಯಾಕೆಗೆ ಕೊಟ್ಟು, "ಮನಿ ಕಡೆ ಸ್ವಲ್ಪ ಲಕ್ಷ್ಯ ಇರಲಿ ಅಕ್ಕಾ" ಅನ್ನುತ್ತಾರೆ. ಕಲಬುರಗಿ ಜಿಲ್ಲೆಯ ಮೂರು ತಾಲೂಕು ಸುತ್ತಿದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮಾ, ಅಮರಜಾ ನದಿಗಳು ಕೂಡುತ್ತವೆ. ಅಲ್ಲಿ ದತ್ತಾತ್ರೇಯನ ಭಕ್ತರು ಐದು ಮನೆ ಮಧುಕರಿ ಬೇಡುತ್ತಾರೆ. ಗುರುತಿಲ್ಲದವರು ಬಾಗಿಲಿಗೆ ಬಂದರೂ ಮನೆಯಾಕೆ ಅಂಜದೆ ನೀಡುತ್ತಾಳೆ.

ಅದೇ ಭೀಮೆ 2020ರ ಅಕ್ಟೋಬರಿನಲ್ಲಿ ಉಕ್ಕಿದಾಗ ಜೇವರ್ಗಿ ಕಡೆಯ ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಬೇಕಾಯಿತು. ನಡುರಾತ್ರಿ ನೀರು ಬಂದರೆ ಮೊದಲು ಕೂಗಿ ಎಬ್ಬಿಸುವವರು ನೆರೆಯವರೇ ಅಲ್ಲವೇ?

ಆಳಂದದ ಲಾಡ್ಲೆ ಮಶಾಕ ದರ್ಗಾದ ಆವರಣದಲ್ಲೇ ರಾಘವ ಚೈತನ್ಯ ಶಿವಲಿಂಗವಿದೆ. 2022ರ ಶಿವರಾತ್ರಿಯಂದು ಊರಲ್ಲಿ ಕಲ್ಲು ತೂರಾಟವಾಯಿತು. 2025ರ ಶಿವರಾತ್ರಿಗೆ ಹೈಕೋರ್ಟು 15 ಮಂದಿಗೆ ಪೂಜೆಗೆ ಅನುಮತಿ ಕೊಟ್ಟಿತು. ಬಿಗಿ ಬಂದೋಬಸ್ತಿನಲ್ಲಿ ಪೂಜೆ ನಡೆಯಿತು.

ಆದರೆ ಪೊಲೀಸರ ಕಾವಲು ನಾಲ್ಕು ದಿನದ್ದು. ಆಮೇಲೆ ಅದೇ ಓಣಿ, ಅದೇ ನಳ, ಅದೇ ಸಂತೆ. ಅಲ್ಲಿ ಎದುರಾದವರ ಮುಖ ನೋಡಿ ಮಾತಾಡದಿದ್ದರೆ ಬಾಗಿಲಿಗೆ ಎಷ್ಟು ಚಿಲಕ ಹಾಕಿದರೇನು? ಗಲಾಟೆಯ ಸುದ್ದಿ ಕಿವಿಗೆ ಬಿದ್ದಾಗ ಅದನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು, ಪಕ್ಕದ ಮನೆಗೆ ಹೋಗಿ "ಆರಾಮ ಇದ್ದೀರೇನ್ರೀ?" ಎಂದು ಕೇಳೋಣ.