ಹಿಂದಿನ ಮನೆ ಏಕೆ ಬಿಟ್ಟಿರಿ?

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವವನು ಅನೇಕ ಪ್ರಶ್ನೆಗಳಿಗೆ ಸಿದ್ಧನಾಗಿರಬೇಕು. ಎಷ್ಟು ಜನ? ಯಾವ ಊರು? ಎಲ್ಲಿ ಕೆಲಸ? ನೆಂಟರಿಷ್ಟರು ಬಹಳ ಬರುತ್ತಾರೆಯೆ? ಇವಕ್ಕೆಲ್ಲ ನನ್ನಲ್ಲಿ ಉತ್ತರವಿತ್ತು. ನಾನು ಅಂಜುತ್ತಿದ್ದುದು ಒಂದೇ ಪ್ರಶ್ನೆಗೆ: "ಹಿಂದಿನ ಮನೆ ಏಕೆ ಬಿಟ್ಟಿರಿ?"

ಬಿಟ್ಟದ್ದು ಕರಾರು ಮುರಿದು. ಹನುಮಂತನಗರದ ಆ ಮನೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಗಾಳಿ ಬೆಳಕಿಗೆ ಮರುಳಾಗಿ ಒಪ್ಪಿಕೊಂಡೆ. ಕರಾರು ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಆ ಖರ್ಚಿಗೂ ಓಡಾಟಕ್ಕೂ ಹೆದರಿ ಊರಿಗೆ ಊರೇ ವರ್ಷಕ್ಕೆ ಹನ್ನೊಂದು ತಿಂಗಳೆಂದು ಎಣಿಸುತ್ತದೆ. ಛಾಪಾ ಕಾಗದಕ್ಕೆ ರುಜು ಹಾಕುವಾಗ ಏಳನೆಯ ಕಲಮನ್ನು ನಾನು ಓದಲಿಲ್ಲ. ಆರು ತಿಂಗಳೊಳಗೆ ಮನೆ ಬಿಟ್ಟರೆ ಎರಡು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳಲಾಗುವುದು ಎಂದು ಅಲ್ಲಿತ್ತು.

ಮೂರನೆಯ ತಿಂಗಳಲ್ಲಿ ಅಮ್ಮ ಬಂದಳು. ಅಪ್ಪ ಹೋದ ಮೇಲೆ ಊರಿನಲ್ಲಿ ಒಬ್ಬಳೇ ಇರುವುದು ಬೇಡವೆಂದು ನಾನೇ ಕರೆತಂದಿದ್ದೆ. ಮೊಣಕಾಲು ನೋವಿನವಳು. ಐವತ್ತೆರಡು ಮೆಟ್ಟಿಲನ್ನು ನಾಲ್ಕು ಕಡೆ ಕುಳಿತು ಹತ್ತಿದಳು. ಹತ್ತಿದವಳು ಮತ್ತೆ ಇಳಿಯಲಿಲ್ಲ. ಊರಿನಲ್ಲಿ ಬೀದಿಯವರನ್ನೆಲ್ಲ ಮಾತನಾಡಿಸುತ್ತಿದ್ದವಳು ಇಲ್ಲಿ ಬಾಲ್ಕನಿಯ ಕಂಬಿ ಹಿಡಿದು ನಿಂತಿರುತ್ತಿದ್ದಳು. ಒಂದು ದಿನ, "ಇಲ್ಲಿಂದ ಎಲ್ಲರ ತಲೆ ಮಾತ್ರ ಕಾಣುತ್ತೆ ಕಣೋ, ಮುಖ ಕಾಣೋಲ್ಲ" ಎಂದಳು. ದೂರುವ ದನಿಯಲ್ಲಲ್ಲ. ಆದರೂ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಮನೆ ಬಿಡುತ್ತೇನೆಂದಾಗ ಮಾಲೀಕರು ಕರಾರು ತೆಗೆದು ಏಳನೆಯ ಕಲಮಿನ ಮೇಲೆ ಬೆರಳಿಟ್ಟರು. ಜೊತೆಗೆ ಸುಣ್ಣಬಣ್ಣಕ್ಕೆಂದು ಇನ್ನೊಂದು ತಿಂಗಳ ಬಾಡಿಗೆ. ಐದು ತಿಂಗಳಲ್ಲಿ ನಾನು ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ಹೇಳುತ್ತದೆ. ಮಾದರಿ ಎಂಬುದು ಮಾದರಿಯೇ. ನಾನು ಕೊಟ್ಟಿದ್ದುದು ಆರು ತಿಂಗಳದು. ಅರ್ಧ ಅಲ್ಲಿಯೇ ಉಳಿಯಿತು. ನಾನು ಏರಿದ ದನಿಯಲ್ಲಿ ಮಾತನಾಡಿದೆ. ಒಳಗೆ ಬಂದರೆ ಅಮ್ಮ, "ಬರೆದುಕೊಟ್ಟಿದ್ದೀಯಲ್ಲ, ಜಗಳ ಯಾಕೆ?" ಎಂದಳು.

ಅವಳನ್ನು ಮೈಸೂರಿನಲ್ಲಿ ಅಕ್ಕನ ಮನೆಗೆ ಕಳಿಸಿ, ಸಾಮಾನನ್ನು ಗೆಳೆಯನಲ್ಲಿಟ್ಟು, ಮನೆ ಹುಡುಕತೊಡಗಿದೆ. ಮೊದಲ ಕಡೆ ಆ ಪ್ರಶ್ನೆ ಬಂದಾಗ, "ಕಚೇರಿಗೆ ದೂರವಾಗುತ್ತಿತ್ತು" ಎಂದೆ. "ಇಲ್ಲಿಂದ ಇನ್ನೂ ದೂರವಲ್ಲವೆ?" ಎಂದರು ಆತ. ಎರಡನೆಯ ಕಡೆ, "ನೀರಿನ ತೊಂದರೆ" ಎಂದೆ. ಅವರಿಗೆ ಆ ಬೀದಿಯಲ್ಲೇ ತಂಗಿಯ ಮನೆಯಿತ್ತು. ಮರ್ಯಾದೆಯಿಂದಲೇ ಬೀಳ್ಕೊಟ್ಟರು.

ಮೂರನೆಯದು ತ್ಯಾಗರಾಜನಗರದಲ್ಲಿ, ನೆಲ ಅಂತಸ್ತು. ಒಡತಿ ವಯಸ್ಸಾದ ಹೆಂಗಸು. ಸುಳ್ಳಿಗೆ ಬೇಕಾದ ಬುದ್ಧಿ ನನ್ನಲ್ಲಿ ಮುಗಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, "ಆ ಮಾಲೀಕರ ನಂಬರ್ ಕೊಡಿ" ಎಂದು ನನ್ನೆದುರಿಗೇ ಫೋನ್ ಮಾಡಿದರು. ಮುಗಿಯಿತು ಎಂದುಕೊಂಡೆ. ಅತ್ತಲಿನ ಮಾತು ನನಗೂ ಕೇಳುತ್ತಿತ್ತು: "ನಡುವೆ ಬಿಟ್ಟದ್ದು ನಿಜ. ಆದರೆ ತಿಂಗಳು ಮುಂಚೆ ಹೇಳಿದರು. ಬಾಕಿ ಒಂದು ಕಾಸಿಲ್ಲ. ಕೆಳಗಿನ ಮನೆಯಾದರೆ ಕೊಡಿ ಅಮ್ಮಾ, ಅವರ ತಾಯಿಗೆ ಕಾಲಾಗೋಲ್ಲ."

ನನಗೆ ನಾಚಿಕೆಯಾಯಿತು. ಆ ಮನುಷ್ಯ ಬರೆದದ್ದರಲ್ಲಿ ಒಂದು ರೂಪಾಯಿ ಬಿಟ್ಟಿರಲಿಲ್ಲ. ಅದಕ್ಕಾಗಿ ಅವರನ್ನು ಕಂಡಕಂಡವರೆದುರು ಬೈದಿದ್ದೆ. ಅಮ್ಮನ ಕಾಲನ್ನು ಅವರು ಗಮನಿಸಿದ್ದಾರೆಂದು ನನಗೆ ತಿಳಿದೇ ಇರಲಿಲ್ಲ.

ಹೊಸ ಕರಾರನ್ನು ಎರಡು ಸಲ ಓದಿ ರುಜು ಹಾಕಿದೆ. ಈಗ ಅಮ್ಮ ಬೆಳಿಗ್ಗೆ ಬಾಗಿಲಲ್ಲಿ ಕುಳಿತಿರುತ್ತಾಳೆ. ಮೊನ್ನೆ ಸೊಪ್ಪಿನವಳು ಕೇಳುತ್ತಿದ್ದಳು: "ಮೊದಲಿನ ಮನೆ ಯಾಕೆ ಬಿಟ್ರಿ ಅಜ್ಜಿ?"

ಅಮ್ಮ ದಂಟಿನ ಕಟ್ಟನ್ನು ತಿರುಗಿಸಿ ನೋಡುತ್ತ ಹೇಳಿದಳು: "ಮೆಟ್ಟಿಲು ಜಾಸ್ತಿ ಕಣವ್ವಾ."