ನೂರು ಷೇರು, ಎರಡು ಬಳೆ

ನೆಂಟರು ಬಂದು ಕಾಫಿ ಕುಡಿಯುತ್ತಾ ಕೂತರೆ ಸಾಕು, ನಮ್ಮವರ ಲೆಕ್ಕ ಶುರುವಾಗುತ್ತದೆ. 1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಮೊದಲ ಸಲ ಜನರಿಗೆ ಷೇರು ಕೊಟ್ಟಿತಲ್ಲ, ಆಗ ಒಂದಕ್ಕೆ 95 ರೂಪಾಯಿ. ನೂರಕ್ಕೆ 9,500. ಬೊಮ್ಮಸಂದ್ರದ ಕಾರ್ಖಾನೆಯಲ್ಲಿದ್ದ ಇವರು ಅರ್ಜಿ ಫಾರಂ ತಂದು ನನ್ನ ಎರಡು ಬಳೆ ಕೇಳಿದರು. ನಾನು ಕೊಡಲಿಲ್ಲ. ಬೋನಸ್ ಮೇಲೆ ಬೋನಸ್ ಬಂದು ಆ ನೂರು ಷೇರು 2018ರ ಹೊತ್ತಿಗೆ 1,02,400 ಆಗಿರುತ್ತಿತ್ತಂತೆ. ಒಂದಕ್ಕೆ 1,500ರಂತೆ ಹಿಡಿದರೂ ಹದಿನೈದು ಕೋಟಿ! ಇಷ್ಟು ಹೇಳಿ ಇವರು ಸುಮ್ಮನಾಗುತ್ತಾರೆ, ನೆಂಟರು ನನ್ನ ಕೈ ನೋಡುತ್ತಾರೆ.

ಇನ್ನೊಂದು ಸಂಗತಿಯನ್ನು ಮಾತ್ರ ಇವರು ಹೇಳುವುದಿಲ್ಲ. ಆಗ ಆ ಷೇರಿಗೆ ಯಾರೂ ಮುಗಿಬೀಳಲಿಲ್ಲ. ಅದು ಪೂರ್ತಿ ಹೋಗದೆ, ಮಾರ್ಗನ್ ಸ್ಟ್ಯಾನ್ಲಿ ಎಂಬ ಅಮೆರಿಕದ ಸಂಸ್ಥೆ ಶೇಕಡ 13ರಷ್ಟು ಪಾಲು ಕೊಂಡು ಮಾನ ಉಳಿಸಿತು. ಅಂದರೆ ಬಳೆ ಕೊಡದ ಹೆಂಗಸರು ಊರ ತುಂಬ ಇದ್ದರು. ಕೊಟ್ಟಿದ್ದರೂ ಏನಾಗುತ್ತಿತ್ತು? ಜೂನ್‌ನಲ್ಲಿ ಷೇರುಪೇಟೆಗೆ ಬಂದ ದಿನವೇ 145 ಆಯಿತೆಂದು ಮಾರಿ ಫ್ರಿಜ್ ತರುತ್ತಿದ್ದೆವು. ಇಪ್ಪತ್ತೈದು ವರ್ಷ ಕೈಕಟ್ಟಿ ಕೂರುವ ಸಂಸಾರವೇ ನಮ್ಮದು?

ಕಳೆದ ದೀಪಾವಳಿಗೆ ಆ ಬಳೆಯ ಮಾತು ಮತ್ತೆ ಬಂತು. ಕೇಳಿದವಳು ಮಗಳು.

ಅವಳದು ಕೃತಕ ಬುದ್ಧಿಮತ್ತೆಯ ಕಂಪನಿ. ಅಲ್ಲಿಂದ ಅವಳನ್ನು ವೈಟ್‌ಫೀಲ್ಡಿನ ಇನ್ನೊಂದು ಅಂಥದೇ ಕಂಪನಿ ಕರೆದಿತ್ತು. ಒಬ್ಬರ ಕೆಲಸಗಾರರನ್ನು ಇನ್ನೊಬ್ಬರು ಸೆಳೆಯುವುದು ಈ ಪೈಪೋಟಿಯಲ್ಲಿ ದಿನದ ಮಾತು. ತೊಡಕೆಂದರೆ, ಹಳೆಯ ಕಂಪನಿ ಸಂಬಳದ ಜೊತೆಗೆ ಇಷ್ಟು ಷೇರು ನಿನಗೆ ಎಂದು ಬರೆದುಕೊಟ್ಟಿತ್ತು. ಬಿಟ್ಟ ಮೇಲೆ 90 ದಿನದೊಳಗೆ ದುಡ್ಡು ಕಟ್ಟಿ ಅವನ್ನು ತನ್ನದಾಗಿಸಿಕೊಳ್ಳಬೇಕು, ಇಲ್ಲವೆಂದರೆ ಹೋಯಿತು. ಮಾರದಿದ್ದರೂ ಏರಿದ ಬೆಲೆಯ ಮೇಲೆ ತೆರಿಗೆ ಬೇರೆ.

"ಮೂರು ಲಕ್ಷ ಕಡಿಮೆ ಬೀಳುತ್ತಮ್ಮ," ಎಂದಳು. ಈಗಿನ ಚಿನ್ನದ ಬೆಲೆಗೆ ಎರಡು ಬಳೆ ಹೆಚ್ಚುಕಡಿಮೆ ಅಷ್ಟೇ ತೂಗುತ್ತವೆ!

ಇನ್ನೂ ಲಾಭವನ್ನೇ ಕಾಣದ ಕಂಪನಿಗೆ ಅಷ್ಟು ಬೆಲೆ ಹೇಗೆ ಬಂತೆ ಎಂದೆ. ನಮ್ಮ ಬೆಂಗಳೂರಿನದೇ ಕೃತ್ರಿಮ್ ಕಂಪನಿಯ ಉದಾಹರಣೆ ಕೊಟ್ಟಳು. 2024ರ ಜನವರಿಯಲ್ಲಿ ಅದಕ್ಕೆ ಹೂಡಿಕೆದಾರರು ಹಾಕಿದ್ದು 5 ಕೋಟಿ ಡಾಲರ್, ಕಂಪನಿಯ ಬೆಲೆ ಎಂದು ಪೇಪರಿನಲ್ಲಿ ಬಂದದ್ದು 100 ಕೋಟಿ ಡಾಲರ್. ಇಪ್ಪತ್ತರಲ್ಲೊಂದು ಪಾಲು ಕೊಂಡವರ ದರದಲ್ಲಿ ಪೂರ್ತಿಗೂ ಲೆಕ್ಕ ಕಟ್ಟುವುದು. ನನಗೆ ಕೂಡಲೇ ಹೊಳೆಯಿತು. ನಮ್ಮ ಹೆಬ್ಬಗೋಡಿ ಲೇಔಟಿನಲ್ಲಿ ಮೂಲೆಯ ಸೈಟೊಂದು ಒಳ್ಳೆಯ ಬೆಲೆಗೆ ಹೋದರೆ, ಅಂದು ಸಂಜೆ ಬೀದಿಯವರೆಲ್ಲ ಮನದಲ್ಲೇ ಶ್ರೀಮಂತರಾಗುತ್ತಾರಲ್ಲ, ಹಾಗೆ!

ಅಮೆರಿಕದಲ್ಲಂತೂ ಆಂಥ್ರೊಪಿಕ್ ಎಂಬ ಕಂಪನಿಗೆ 2025ರ ಮಾರ್ಚಿನಲ್ಲಿ 6,150 ಕೋಟಿ ಡಾಲರ್ ಬೆಲೆ, ಸೆಪ್ಟೆಂಬರಿನಲ್ಲಿ 18,300 ಕೋಟಿ. ಆರು ತಿಂಗಳಿಗೆ ಮೂರು ಪಟ್ಟು. ಚಾಟ್‌ಜಿಪಿಟಿಯ ಓಪನ್‌ಎಐ ನೌಕರರು ಅಕ್ಟೋಬರಿನಲ್ಲಿ ತಮ್ಮ ಷೇರು ಮಾರಿಕೊಂಡದ್ದು ಕಂಪನಿಗೆ 50,000 ಕೋಟಿ ಡಾಲರ್ ಎಂಬ ಲೆಕ್ಕದಲ್ಲಿ. ಇದೇ ಓಪನ್‌ಎಐ 2015ರ ಡಿಸೆಂಬರಿನಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಹುಟ್ಟಿದಾಗ ಅದರ ದಾನಿಗಳ ಪಟ್ಟಿಯಲ್ಲಿ ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಹೆಸರೂ ಇತ್ತಂತೆ. ದಾನ ಕೊಟ್ಟವರಿಗೆ ಷೇರೆಲ್ಲಿ ಬರುತ್ತದೆ?

ಇದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. "ಕೇಳಿಸಿತೇನ್ರೀ, ಅಂಥವರ ಕೈಯೇ ತಪ್ಪಿದೆ!" ಎಂದೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

ಆದರೆ ಮಗಳ ಮುಖ ನೋಡಿ ನಗು ನಿಂತಿತು. ನಿಜ ಹೇಳಬೇಕೆಂದರೆ ಕೊಟ್ಟುಬಿಡೋಣ ಎನ್ನಿಸಿತ್ತು. ಒಮ್ಮೆ ಹಟ ಮಾಡಿದ್ದಕ್ಕೆ ಮೂವತ್ತೆರಡು ವರ್ಷ ಮಾತು ಕೇಳಿದ್ದೇನೆ, ಇನ್ನು ಇವಳದೂ ಶುರುವಾದರೆ? ಬಳೆ ತೆಗೆಯಲು ಹೋದೆ, ಬೆರಳ ಗಂಟು ದಾಟಲಿಲ್ಲ. ಸೋಪು ತರಲು ಎದ್ದವಳು ಹಾಗೇ ನಿಂತು ಕೇಳಿದೆ:

"ನಾಳೆ ದುಡ್ಡು ಬೇಕಾದರೆ ಇದನ್ನು ಕೊಳ್ಳುವವರು ಯಾರು?"

"ಈಗ ಯಾರೂ ಇಲ್ಲಮ್ಮ. ಕಂಪನಿ ಪೇಟೆಗೆ ಬರಬೇಕು, ಇಲ್ಲ ಯಾರಾದರೂ ಅದನ್ನೇ ಕೊಳ್ಳಬೇಕು."

"ಯಾವಾಗ?"

ಅವಳು ಉತ್ತರ ಹೇಳಲಿಲ್ಲ. ಅಪ್ಪನ ಷೇರಿಗೆ ಪೇಪರಿನಲ್ಲಿ ದಿನದಿನದ ದರವಿತ್ತು, ಆಸ್ಪತ್ರೆಗೋ ಶಾಲೆಗೋ ಎಂದರೆ ಮಾರಬಹುದಿತ್ತು. ಇದು ಕಂಪನಿ ದಾರಿ ತೋರಿಸುವವರೆಗೆ ಮಾರುವಂತಿಲ್ಲ. ನಾನು ಮತ್ತೆ ಕೂತೆ. ಅವಳೂ ಬಳೆಯ ಮಾತು ಎತ್ತಲಿಲ್ಲ. ತನ್ನ ಕೈಯಲ್ಲಿದ್ದ ಹಣಕ್ಕೆ ಬಂದಷ್ಟು ಷೇರು ತೆಗೆದುಕೊಂಡು ಉಳಿದದ್ದನ್ನು ಬಿಟ್ಟಳು. ಆ ತೊಂಬತ್ತನೆಯ ದಿನ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ ಎಂಬುದು ನನಗೆ ಮಾತ್ರ ಗೊತ್ತು.

ನಮ್ಮವರು ಹೊಸ ಕ್ಯಾಲೆಂಡರಿನ ಹಿಂದೆ ಬಿಟ್ಟ ಷೇರಿನ ಲೆಕ್ಕ ಬರೆದಿಟ್ಟಿದ್ದಾರೆ. ಇದನ್ನು ಮಾತ್ರ ನೆಂಟರ ಮುಂದೆ ತೆಗೆಯಕೂಡದು ಎಂದು ಹೇಳಿದ್ದೇನೆ.